ಮನೆಯ ಪುಟ್ಟ ಮರಗೆಲಸದ ಕೋಣೆಗೆ ಮೊದಲ ವಿದ್ಯುತ್ ಗರಗಸ: ಆಯ್ಕೆಯಿಂದ ಮೊದಲ ಕೊಯ್ತದವರೆಗೆ

ನಾನು ಮೊದಲು ತಂದ ಗರಗಸ ಟೇಬಲ್ ಸಾ, ಅಂದರೆ ಮೇಜಿನ ಸೀಳಿನಿಂದ ದುಂಡು ಬ್ಲೇಡು ತಲೆ ಎತ್ತಿರುವ ಯಂತ್ರ. ಹತ್ತು ಇಂಚಿನ ಬ್ಲೇಡು, ನುಣುಪಾದ ಲೋಹದ ಮೇಜು, ನೋಡುವುದಕ್ಕೂ ಒಂದು ಗತ್ತು. ಅದನ್ನು 10 ಅಡಿಗೆ 12 ಅಡಿಯ ಕೋಣೆಯ ನಟ್ಟನಡುವೆ ಇಟ್ಟುಕೊಂಡೆ. ಮೊದಲ ಭಾನುವಾರವೇ 8 ಅಡಿ ಉದ್ದದ ಪ್ಲೈವುಡ್ ಹಾಳೆಯನ್ನು ಉದ್ದಕ್ಕೆ ಸೀಳಲು ಎತ್ತಿಕೊಂಡು ನಿಂತಾಗ ವಿಷಯ ತಿಳಿಯಿತು. ಹಾಳೆಯ ಮುಂದಿನ ತುದಿ ಬ್ಲೇಡಿನ ಹತ್ತಿರ ಬರುವ ಮೊದಲೇ ಹಿಂದಿನ ತುದಿ ಗೋಡೆಗೆ ತಗುಲಿ ನಿಂತಿತ್ತು. ಆ ಯಂತ್ರ ಮುಂದಿನ ಒಂದು ವರ್ಷ ಬಣ್ಣದ ಡಬ್ಬಗಳನ್ನು ಹೊತ್ತುಕೊಂಡು ಕೂತಿತು.

ಹಾಗಾಗಿ ಈಗ ಯಾರಾದರೂ "ಯಾವ ಗರಗಸ ತಗೊಳ್ಳಲಿ?" ಎಂದು ಕೇಳಿದರೆ ಯಂತ್ರದ ಮಾತೇ ಎತ್ತುವುದಿಲ್ಲ. ಕೋಣೆ ಎಷ್ಟುದ್ದ, ಮೊದಲು ಮಾಡಬೇಕೆಂದಿರುವ ಸಾಮಾನು ಯಾವುದು ಎಂದು ಕೇಳುತ್ತೇನೆ. ಆ ಎರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಆಯ್ಕೆ ಮುಗಿದಂತೆ.

ಹೆಜ್ಜೆ 1: ಕೆಲಸವನ್ನಲ್ಲ, ಕೊಯ್ತವನ್ನು ಬರೆದಿಡಿ

ಒಂದು ಹಾಳೆ ತೆಗೆದುಕೊಂಡು ಮುಂದಿನ ಆರು ತಿಂಗಳಲ್ಲಿ ನಿಜವಾಗಿ ಮಾಡುವ ಮೂರು ಸಾಮಾನುಗಳನ್ನು ಬರೆಯಿರಿ. ಪುಸ್ತಕದ ಕಪಾಟು, ಸ್ಟೂಲು, ಮಗುವಿನ ಆಟಿಕೆ, ಏನಾದರೂ ಸರಿ. ಈಗ ಪ್ರತಿಯೊಂದರ ಎದುರಿಗೂ ಅದಕ್ಕೆ ಬೇಕಾದ ಕೊಯ್ತಗಳನ್ನು ಬರೆಯಿರಿ. ಮರಗೆಲಸದಲ್ಲಿ ಅವು ಐದೇ ಬಗೆ: ದೊಡ್ಡ ಹಾಳೆಯನ್ನು ತುಂಡು ಮಾಡುವುದು, ಹಲಗೆಯನ್ನು ಎಳೆಯ ಗುಂಟ ಉದ್ದಕ್ಕೆ ಸೀಳುವುದು, ಎಳೆಗೆ ಅಡ್ಡಲಾಗಿ ಕತ್ತರಿಸುವುದು, ಬಳುಕಿನ ಆಕಾರ ಕೊಯ್ಯುವುದು, ಮತ್ತು ದಪ್ಪ ಮರವನ್ನು ತೆಳ್ಳಗಿನ ಪದರಗಳಾಗಿ ಸೀಳುವುದು.

ಪ್ಲೈವುಡ್ ಕಪಾಟು ಮಾಡುವವರ ಪಟ್ಟಿಯಲ್ಲಿ ಮೊದಲ ಬಗೆಯೇ ತುಂಬಿರುತ್ತದೆ. ಫೋಟೋ ಚೌಕಟ್ಟು ಮಾಡುವವರಿಗೆ ಅಡ್ಡ ಕೊಯ್ತ, ಅದೂ ಕರಾರುವಾಕ್ಕಾದ 45 ಡಿಗ್ರಿಯದು. ಆಟಿಕೆಯವರಿಗೆ ಬರೀ ಬಳುಕು. ಎಲ್ಲವನ್ನೂ ಮಾಡುವ ಒಂದೇ ಗರಗಸ ಬೇಕು ಎನ್ನುವವರು ಈ ಪಟ್ಟಿಯಲ್ಲಿ ಯಾವ ಸಾಲು ಹೆಚ್ಚು ಸಲ ಬಂದಿದೆ ಎಂದು ಎಣಿಸಿ ನೋಡಲಿ.

ಹೆಜ್ಜೆ 2: ಟೇಪು ಹಿಡಿದು ಕೋಣೆ ಅಳೆಯಿರಿ

ಗರಗಸಗಳಲ್ಲಿ ಎರಡು ಜಾತಿ. ಒಂದರಲ್ಲಿ ಯಂತ್ರ ನಿಂತಿರುತ್ತದೆ, ಮರ ಅದರ ಹತ್ತಿರ ಬರಬೇಕು. ಇನ್ನೊಂದರಲ್ಲಿ ಮರ ಮಲಗಿರುತ್ತದೆ, ಯಂತ್ರ ಅದರ ಮೇಲೆ ಸಾಗುತ್ತದೆ. ಚಿಕ್ಕ ಕೋಣೆಯಲ್ಲಿ ಈ ವ್ಯತ್ಯಾಸದ ಮುಂದೆ ಮೋಟಾರಿನ ವಾಟ್ ಲೆಕ್ಕ ಏನೂ ಅಲ್ಲ.

ಲೆಕ್ಕ ಹಾಕಿ ನೋಡಿ. ಸಾಮಾನ್ಯ ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ, ಅಂದರೆ 2440 ಮಿ.ಮೀ.ಗೆ 1220 ಮಿ.ಮೀ. ಟೇಬಲ್ ಸಾದಲ್ಲಿ ಅದನ್ನು ಉದ್ದಕ್ಕೆ ಸೀಳಬೇಕಾದರೆ ಬ್ಲೇಡಿನ ಮುಂದೆ 8 ಅಡಿ, ಹಿಂದೆ 8 ಅಡಿ, ಜೊತೆಗೆ ನೀವು ನಿಲ್ಲುವುದಕ್ಕೆ ಒಂದೆರಡು ಅಡಿ. ಹತ್ತಿರ ಹತ್ತಿರ 18 ಅಡಿ ಖಾಲಿ ಸಾಲು ಬೇಕು. ತೋಳಿನ ತುದಿಯ ದುಂಡು ಬ್ಲೇಡನ್ನು ಮರದ ಮೇಲೆ ಇಳಿಸಿ ಕೊಯ್ಯುವ ಮೈಟರ್ ಸಾದಲ್ಲಿ ಉದ್ದದ ಪಟ್ಟಿಯನ್ನು ಅಡ್ಡ ಕೊಯ್ಯಲು ಎಡಬಲಗಳಲ್ಲಿ ಜಾಗ ಬೇಕು. ಕೈಯಲ್ಲಿ ಹಿಡಿದು ಓಡಿಸುವ ಸರ್ಕ್ಯುಲರ್ ಸಾಗಾದರೆ ಹಾಳೆ ನೆಲದ ಮೇಲೆ ಮಲಗುವಷ್ಟು ಜಾಗ, ಸುತ್ತ ಮಂಡಿಯೂರಿ ಸರಿಯುವಷ್ಟು ದಾರಿ ಇದ್ದರೆ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಗರಗಸಕ್ಕೂ ಸಲ್ಲುತ್ತದೆ.

ಕೋಣೆಯ ಬಾಗಿಲ ಎದುರಿಗೆ ಬಾಗಿಲಿದ್ದರೆ ಅದೃಷ್ಟ. ಮರ ಆಚೆ ಚಾಚಿಕೊಳ್ಳಬಹುದು. ಪಕ್ಕದ ಮನೆಯ ಗೋಡೆ ಅಂಟಿಕೊಂಡಿದ್ದರೆ ಸದ್ದಿನ ಯೋಚನೆಯನ್ನೂ ಈಗಲೇ ಮಾಡಿ.

ಹೆಜ್ಜೆ 3: ಐದು ಗರಗಸಗಳ ಸ್ವಭಾವ

*ಸರ್ಕ್ಯುಲರ್ ಸಾ.* ದುಂಡು ಬ್ಲೇಡಿನ ಗರಗಸದ ಹಕ್ಕುಪತ್ರ 1777ರಷ್ಟು ಹಿಂದೆಯೇ ಇಂಗ್ಲೆಂಡಿನ ಸೌತಾಂಪ್ಟನ್‌ನ ಸ್ಯಾಮ್ಯುಯೆಲ್ ಮಿಲ್ಲರ್ ಹೆಸರಿನಲ್ಲಿ ದಾಖಲಾಗಿತ್ತು. ಆದರೆ ಅದು ಕೈಗೆ ಬರಲು ವಿದ್ಯುತ್ ಮೋಟಾರು ಚಿಕ್ಕದಾಗಬೇಕಾಯಿತು. ಇಂದು ಹೆಚ್ಚು ಸಿಗುವುದು ಏಳೂಕಾಲು ಇಂಚಿನದು, ಎಂದರೆ 185 ಮಿ.ಮೀ. ಬ್ಲೇಡಿನದು. ನೇರಕ್ಕೆ ಸುಮಾರು 60ರಿಂದ 65 ಮಿ.ಮೀ. ಆಳ, 45 ಡಿಗ್ರಿ ಓರೆಗೆ ಸುಮಾರು 45 ಮಿ.ಮೀ. ಆಳ ಕೊಯ್ಯುತ್ತದೆ. ಬ್ಯಾಟರಿಯವುಗಳಲ್ಲಿ 165 ಮಿ.ಮೀ. ಬ್ಲೇಡು ಹೆಚ್ಚು, 18 ಮಿ.ಮೀ. ಪ್ಲೈವುಡ್‌ಗೆ ಅದು ಧಾರಾಳ ಸಾಕು.

ಇದರ ಕುಂದು ಏನೆಂದರೆ, ಬರೀ ಕೈಯಲ್ಲಿ ಓಡಿಸಿದರೆ ಗೆರೆ ನೇರ ಬರುವುದಿಲ್ಲ. ಎಷ್ಟೇ ಅಭ್ಯಾಸವಿದ್ದರೂ ಒಂದೆರಡು ಮಿ.ಮೀ. ಅತ್ತಿತ್ತ ಹೋಗುತ್ತದೆ. ಆದರೆ ನೇರವಾದ ಗೈಡ್ ಹಲಗೆಯೊಂದನ್ನು ಒತ್ತಾಸೆಗೆ ಕೊಟ್ಟರೆ ಇದೇ ಯಂತ್ರ ಟೇಬಲ್ ಸಾಗೆ ಸರಿಸಮನಾದ ಅಂಚು ಕೊಡುತ್ತದೆ. ಆ ಹಲಗೆಯನ್ನು ಮನೆಯಲ್ಲೇ ಮಾಡಿಕೊಳ್ಳುವ ವಿಧಾನ ಕೊನೆಯಲ್ಲಿದೆ. ಹಳಿಯ ಮೇಲೆ ಸಾಗುವ ಟ್ರ್ಯಾಕ್ ಸಾ ಇದರದೇ ಸಿರಿವಂತ ಅಣ್ಣ.

*ಜಿಗ್ ಸಾ.* ಸ್ವಿಟ್ಜರ್ಲೆಂಡಿನ ಸಿಂಟಿಲಾ ಕಂಪನಿಯ ಆಲ್ಬರ್ಟ್ ಕೌಫ್‌ಮನ್ 1946ರಲ್ಲಿ ಹೊಲಿಗೆ ಯಂತ್ರದ ಸೂಜಿಯ ಜಾಗಕ್ಕೆ ಗರಗಸದ ಬ್ಲೇಡು ಸಿಕ್ಕಿಸಿ ನೋಡಿದ್ದರಿಂದ ಹುಟ್ಟಿದ ಯಂತ್ರ ಇದು. ಇವತ್ತಿಗೂ ಅದರ ನಡೆ ಹೊಲಿಗೆ ಯಂತ್ರದ್ದೇ: ಟಕಟಕ ಮೇಲೆ ಕೆಳಗೆ. ಬಳುಕು ಕೊಯ್ಯಲು, ಹಲಗೆಯ ನಡುವೆ ಕಿಂಡಿ ತೆಗೆಯಲು ಇದಕ್ಕೆ ಸಾಟಿಯಿಲ್ಲ. ಹೊಸಬರ ಕೈಗೆ ಇದು ಅಷ್ಟಾಗಿ ಹೆದರಿಸುವುದಿಲ್ಲ. ಆದರೆ ದಪ್ಪ ಮರದಲ್ಲಿ ಬ್ಲೇಡಿನ ತುದಿ ಬಾಗುತ್ತದೆ. ಮೇಲಿನ ಗೆರೆ ಸರಿಯಿದ್ದರೂ ಕೆಳಗಿನ ಅಂಚು ಓರೆಯಾಗಿರುತ್ತದೆ. ನೂಕಿದಷ್ಟೂ ಹೆಚ್ಚು ಬಾಗುತ್ತದೆ. ಇದರಲ್ಲಿ ಕಪಾಟಿನ ನೇರ ಅಂಚು ತೆಗೆಯುತ್ತೇನೆ ಎನ್ನುವುದು ಚಮಚದಲ್ಲಿ ಬಾವಿ ತೋಡಿದ ಹಾಗೆ. ಕೊಳ್ಳುವಾಗ ಟಿ-ಶ್ಯಾಂಕ್ ಬ್ಲೇಡು, ಎಂದರೆ ಬುಡ ಟಿ ಆಕಾರದಲ್ಲಿರುವ ಬ್ಲೇಡು ಹಿಡಿಯುವುದನ್ನೇ ಆರಿಸಿ.

*ಮೈಟರ್ ಸಾ.* ಅಡ್ಡ ಕೊಯ್ತದ ರಾಜ. ಅಡ್ಡ ಕೊಯ್ತ ಬಿಟ್ಟರೆ ಬೇರೇನೂ ಬಾರದು. ಜಾರುವ ತೋಳಿಲ್ಲದ ಹತ್ತು ಇಂಚಿನ ಯಂತ್ರ ಸುಮಾರು 140 ಮಿ.ಮೀ. ಅಗಲದ ಹಲಗೆಯಷ್ಟೇ ಕೊಯ್ಯುತ್ತದೆ, ತೋಳು ಜಾರುವಂಥದ್ದು ಸುಮಾರು 300 ಮಿ.ಮೀ. ಒಂದೇ ಅಳತೆಯ ಇಪ್ಪತ್ತು ಪಟ್ಟಿ ಬೇಕಾದಾಗ ಇದರಷ್ಟು ಹಿತ ಇನ್ನೊಂದಿಲ್ಲ. ಹಲಗೆ ಸೀಳಲು ಬಾರದ ಯಂತ್ರವನ್ನು ಏಕೈಕ ಗರಗಸವಾಗಿ ನಾನಂತೂ ಯಾರಿಗೂ ಹೇಳುವುದಿಲ್ಲ.

*ಟೇಬಲ್ ಸಾ.* ಜಾಗವಿದ್ದು, ವಾರಕ್ಕೆ ನಾಲ್ಕಾರು ಗಂಟೆ ಮರ ಸೀಳುವವರಿಗೆ ಇದು ಕೋಣೆಯ ಯಜಮಾನ. ಮರ ಒರಗಿಕೊಂಡು ಸಾಗುವ ನೇರ ಪಟ್ಟಿ, ಅಂದರೆ ಫೆನ್ಸ್, ಒಮ್ಮೆ ಬಿಗಿದರೆ ಹತ್ತು ಪಟ್ಟಿಗಳೂ ಒಂದೇ ಅಗಲ. ಆದರೆ ಕೈಬೆರಳುಗಳಿಗೆ ಅತಿ ದೊಡ್ಡ ಗಂಡಾಂತರವೂ ಇದೇ. ಹತ್ತು ಇಂಚಿನ ಬ್ಲೇಡು ನಿಮಿಷಕ್ಕೆ 4500 ಸುತ್ತು ತಿರುಗುತ್ತಿದ್ದರೆ ಹಲ್ಲಿನ ತುದಿಯ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ. ಬ್ಲೇಡಿನ ಮುಂಭಾಗದ ಹಲ್ಲು ಕೆಳಗಿಳಿಯುತ್ತಾ ಕೊಯ್ಯುತ್ತದೆ, ಹಿಂಭಾಗದ ಹಲ್ಲು ಮೇಲೇಳುತ್ತಿರುತ್ತದೆ. ಕೊಯ್ದ ಮರ ಸ್ವಲ್ಪ ತಿರುಗಿ ಆ ಹಿಂದಿನ ಹಲ್ಲಿಗೆ ತಾಗಿದರೆ ಅದೇ ವೇಗದಲ್ಲಿ ನಿಮ್ಮ ಹೊಟ್ಟೆಯ ಕಡೆಗೆ ಎಗರುತ್ತದೆ. ಇದನ್ನೇ ಕಿಕ್‌ಬ್ಯಾಕ್ ಎನ್ನುವುದು. ಬ್ಲೇಡಿನ ಬೆನ್ನಿಗೇ ನಿಂತು, ಅದರ ಜೊತೆಗೇ ಏರಿಳಿಯುವ ರೈವಿಂಗ್ ನೈಫ್ ಎಂಬ ಲೋಹದ ಪಟ್ಟಿ ಮರವನ್ನು ಆ ಹಲ್ಲಿನಿಂದ ದೂರವಿಡುತ್ತದೆ. ಅದಿಲ್ಲದ ಟೇಬಲ್ ಸಾ, ಹಳೆಯದಾಗಲಿ ಪುಕ್ಕಟೆಯಾಗಲಿ, ಮೊದಲ ಗರಗಸವಾಗಿ ಬೇಡ. ಚರ್ಮ ತಾಗಿದೊಡನೆ ಬ್ಲೇಡನ್ನು ಸೆಕೆಂಡಿನ ಸಾವಿರದಲ್ಲಿ ಐದು ಭಾಗದಷ್ಟು ಹೊತ್ತಿನಲ್ಲಿ ನಿಲ್ಲಿಸುವ ತಂತ್ರವನ್ನು ಸ್ಟೀವ್ ಗ್ಯಾಸ್ 1999ರಲ್ಲಿ ಕಂಡುಹಿಡಿದರು. 2004ರಲ್ಲಿ ಅದು ಸಾಸ್ಟಾಪ್ ಹೆಸರಿನ ಯಂತ್ರವಾಗಿ ಬಂತು. ಒಮ್ಮೆ ಕೆಲಸ ಮಾಡಿದರೆ ಬ್ಲೇಡೂ ಹೋಗುತ್ತದೆ, ಬ್ರೇಕಿನ ಡಬ್ಬಿಯೂ ಹೋಗುತ್ತದೆ. ಬೆರಳು ಉಳಿಯುತ್ತದೆ.

*ಬ್ಯಾಂಡ್ ಸಾ.* ಎರಡು ಚಕ್ರಗಳ ಮೇಲೆ ಸುತ್ತುವ ಉದ್ದನೆಯ ಪಟ್ಟಿಯೇ ಇದರ ಬ್ಲೇಡು. ದಪ್ಪ ದಿಮ್ಮಿಯನ್ನು ತೆಳು ಹಲಗೆ ಮಾಡಲು, ದಪ್ಪ ಮರದಲ್ಲಿ ಬಳುಕು ತೆಗೆಯಲು. ಬ್ಲೇಡು ಮರವನ್ನು ಕೆಳಗೆ ಮೇಜಿಗೇ ಒತ್ತುವುದರಿಂದ ಮರ ಹಿಂದಕ್ಕೆ ಎಗರುವ ಭಯ ಇಲ್ಲಿ ಕಡಿಮೆ. 6 ಮಿ.ಮೀ. ಅಗಲದ ಬ್ಲೇಡು ಸುಮಾರು 16 ಮಿ.ಮೀ. ತ್ರಿಜ್ಯದ ತಿರುವು ತೆಗೆದುಕೊಳ್ಳುತ್ತದೆ, 12 ಮಿ.ಮೀ.ನದಕ್ಕೆ ಸುಮಾರು 64 ಮಿ.ಮೀ. ಬೇಕು. ಘನ ಮರದಲ್ಲೇ ಕೆಲಸ ಮಾಡುವವರಿಗೆ, ಚಿಕ್ಕ ಕೋಣೆಯಲ್ಲೂ, ಇದು ಜಾಣ ಆಯ್ಕೆ. ಆದರೆ ಅಂಚು ಒರಟು. ಉಜ್ಜುಗೊರಡು ಹಿಡಿಯಲು ಬರಬೇಕು.

ಇನ್ನೊಂದು ಮಾತು. ಆಂಗಲ್ ಗ್ರೈಂಡರಿಗೆ ಮರದ ಬ್ಲೇಡು ಸಿಕ್ಕಿಸಿ ಗರಗಸ ಮಾಡಿಕೊಳ್ಳುವವರಿದ್ದಾರೆ. ಆ ಯಂತ್ರ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ, ಮರದ ಮೇಲೆ ಕೂರುವ ತಳಹಲಗೆ ಇಲ್ಲ, ಬ್ಲೇಡಿಗೆ ಸರಿಯಾದ ಮರೆ ಇಲ್ಲ. ಬೇಡವೇ ಬೇಡ.

ಹೆಜ್ಜೆ 4: ತೀರ್ಮಾನ

ಪಟ್ಟಿಯಲ್ಲಿ ಪ್ಲೈವುಡ್, ಕಪಾಟು, ಮೇಜು ಇದ್ದರೆ ಸರ್ಕ್ಯುಲರ್ ಸಾ. ಪಟ್ಟಿಯಲ್ಲಿ ಏನಿದೆ ಎಂದು ನಿಮಗೇ ಖಚಿತವಿಲ್ಲದಿದ್ದರೂ ಸರ್ಕ್ಯುಲರ್ ಸಾ. ಬಳುಕೇ ಹೆಚ್ಚು, ಮರ 20 ಮಿ.ಮೀ.ಗಿಂತ ತೆಳು ಎಂದಾದರೆ ಜಿಗ್ ಸಾ. ಘನ ಮರ, ಕೈ ಉಪಕರಣಗಳ ಪಳಗಿಕೆ ಇದ್ದರೆ ಬ್ಯಾಂಡ್ ಸಾ. ಟೇಬಲ್ ಸಾ 18 ಅಡಿ ಸಾಲು ಇರುವವರಿಗೆ, ಅಥವಾ ಹಾಳೆಯನ್ನು ಮೊದಲು ಸರ್ಕ್ಯುಲರ್ ಸಾದಲ್ಲಿ ಚಿಕ್ಕದು ಮಾಡಿಕೊಂಡು ತರುವವರಿಗೆ. ಎರಡನೆಯವರಿಗೆ ಹೇಗೂ ಮೊದಲ ಗರಗಸ ಸರ್ಕ್ಯುಲರ್ ಸಾ ಆಗಿಬಿಟ್ಟಿತು.

ಮುಂದಿನ ಹೆಜ್ಜೆಗಳನ್ನು ಅದನ್ನೇ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಹೆಜ್ಜೆ 5: ಕೈಯಲ್ಲಿ ಹಿಡಿದು ನೋಡಿ

ಪೆಟ್ಟಿಗೆಯ ಮೇಲಿನ ವಾಟ್ ಓದುವ ಮೊದಲು ಯಂತ್ರದ ತಳಹಲಗೆ ನೋಡಿ. ಅದೇ ಈ ಗರಗಸದ ಅಡಿಪಾಯ. ತೆಳು ತಗಡಿನದಾದರೆ ಒಮ್ಮೆ ಕೆಳಗೆ ಬಿದ್ದರೆ ಬಾಗುತ್ತದೆ, ಆಮೇಲೆ ಯಾವ ಕೊಯ್ತವೂ ಲಂಬ ಬರುವುದಿಲ್ಲ. ಎರಕದ್ದು ಅಥವಾ ದಪ್ಪ ಅಲ್ಯೂಮಿನಿಯಂನದು ಒಳ್ಳೆಯದು. ಆಳದ ತಿರುಪನ್ನು ಬಿಗಿದು ತಳಹಲಗೆಯನ್ನು ಕೈಯಲ್ಲಿ ಅಲ್ಲಾಡಿಸಿ. ಕಟಕಟ ಎಂದರೆ ಪಕ್ಕಕ್ಕಿಡಿ. ಓರೆಯ ತಿರುಪನ್ನೂ ಹಾಗೆಯೇ ನೋಡಿ.

ಬ್ಲೇಡನ್ನು ಮುಚ್ಚುವ ಕೆಳಗಿನ ಮರೆಯನ್ನು ಬೆರಳಲ್ಲಿ ಸರಿಸಿ ಬಿಡಿ. ಟಪ್ಪೆಂದು ಪೂರ್ತಿ ಮುಚ್ಚಿಕೊಳ್ಳಬೇಕು. ನಿಧಾನಕ್ಕೆ ಜಾರಿದರೆ, ಅರ್ಧಕ್ಕೆ ನಿಂತರೆ, ಆ ಯಂತ್ರ ಬೇಡ. ಹಳೆಯ ಯಂತ್ರ ಕೊಳ್ಳುವಾಗ ಈ ಪರೀಕ್ಷೆ ಕಡ್ಡಾಯ. ಮರೆಯನ್ನು ಮೇಲಕ್ಕೆತ್ತಿ ತಂತಿಯಿಂದ ಕಟ್ಟಿಟ್ಟಿದ್ದ ಗರಗಸವನ್ನು ನನಗೊಬ್ಬರು "ಕೆಲಸ ಸಲೀಸು" ಎಂದು ಮಾರಲು ಬಂದಿದ್ದರು.

ಗುಂಡಿ ಬಿಟ್ಟೊಡನೆ ಬ್ಲೇಡು ನಿಲ್ಲಿಸುವ ವಿದ್ಯುತ್ ಬ್ರೇಕ್ ಇದ್ದರೆ ಬಹಳ ಒಳ್ಳೆಯದು. ಧೂಳು ಹೀರುವ ಕೊಳವೆ ಸಿಕ್ಕಿಸುವ ಬಾಯಿ ಇರಲಿ. ಹಿಡಿದು ನಿಂತಾಗ ಬ್ಲೇಡು ಮರಕ್ಕೆ ತಾಗುವ ಜಾಗ ನಿಮ್ಮ ಕಣ್ಣಿಗೆ ಕಾಣಬೇಕು. ಬಲಗೈಯವರಿಗೆ ಬ್ಲೇಡು ಎಡಗಡೆ ಇರುವ ಯಂತ್ರದಲ್ಲಿ ಗೆರೆ ಸುಲಭವಾಗಿ ಕಾಣುತ್ತದೆ.

ತಂತಿಯದೋ ಬ್ಯಾಟರಿಯದೋ? ಒಂದೇ ಕೋಣೆಯಲ್ಲಿ, ಪ್ಲಗ್ಗಿನ ಹತ್ತಿರವೇ ಕೆಲಸ ಮಾಡುವುದಾದರೆ ತಂತಿಯದೇ ವಾಸಿ: ಶಕ್ತಿ ಕುಗ್ಗುವುದಿಲ್ಲ, ಬ್ಯಾಟರಿ ಹಳತಾಗುವ ಚಿಂತೆಯಿಲ್ಲ. ಆಗಲೇ ಒಂದು ಬ್ಯಾಟರಿ ಡ್ರಿಲ್ ಇದ್ದು, ಅದೇ ಬ್ಯಾಟರಿ ಗರಗಸಕ್ಕೂ ಹೊಂದುವುದಾದರೆ ಮಾತ್ರ ಬ್ಯಾಟರಿಯದನ್ನು ಯೋಚಿಸಿ. 18 ವೋಲ್ಟ್ ಎಂದೂ "20 ವೋಲ್ಟ್ ಮ್ಯಾಕ್ಸ್" ಎಂದೂ ಬರೆದದ್ದನ್ನು ನೋಡಿ ಗಲಿಬಿಲಿ ಬೇಡ. ಎರಡರಲ್ಲೂ ಒಳಗೆ ಸಾಲಾಗಿ ಜೋಡಿಸಿದ ಐದು ಲಿಥಿಯಂ ಸೆಲ್ಲುಗಳೇ. ತುಂಬಿದಾಗಿನ ವೋಲ್ಟೇಜ್ ಬರೆದರೆ 20, ಕೆಲಸ ಮಾಡುವಾಗಿನದ್ದು ಬರೆದರೆ 18.

ಹೆಜ್ಜೆ 6: ನೆಲ ಡೊಂಕು ಎನ್ನುವ ಮೊದಲು ಬ್ಲೇಡು ಬದಲಿಸಿ

ಯಂತ್ರದ ಜೊತೆ ಬರುವ ಬ್ಲೇಡು ಸಾಮಾನ್ಯವಾಗಿ 24 ಹಲ್ಲಿನದು ಅಥವಾ ಅದಕ್ಕಿಂತ ಕಡಿಮೆಯದು. ಮನೆಯ ಚೌಕಟ್ಟು, ಒರಟು ಮರ ಕೊಯ್ಯಲು ಅದು ಸರಿ. ಪ್ಲೈವುಡ್ ಮೇಲೆ ಓಡಿಸಿದರೆ ಮೇಲಿನ ಪದರ ಕಿತ್ತು ಚಕ್ಕೆ ಏಳುತ್ತದೆ, ಹೊಸಬರು ಯಂತ್ರವನ್ನು ಬೈಯುತ್ತಾರೆ. ಅದೇ ದಿನ 40 ಹಲ್ಲಿನ, ಕಾರ್ಬೈಡ್ ಎಂಬ ಗಡಸು ವಸ್ತುವಿನ ತುದಿಯ ಬ್ಲೇಡೊಂದನ್ನು ತಂದುಬಿಡಿ. ಸಾಧಾರಣ ಯಂತ್ರದಲ್ಲಿ ಒಳ್ಳೆಯ ಬ್ಲೇಡು ಕೊಡುವ ಅಂಚನ್ನು ದುಬಾರಿ ಯಂತ್ರದಲ್ಲಿ ಮೊಂಡು ಬ್ಲೇಡು ಕೊಡಲಾರದು.

ಲೆಕ್ಕ ಸರಳ: ಎಳೆಯ ಗುಂಟ ಸೀಳಲು ಕಡಿಮೆ ಹಲ್ಲು, ಅಡ್ಡ ಕೊಯ್ತಕ್ಕೂ ಪ್ಲೈವುಡ್‌ಗೂ ಹೆಚ್ಚು ಹಲ್ಲು. ಹೆಚ್ಚು ಹಲ್ಲಿನ ಬ್ಲೇಡಿನಲ್ಲಿ ದಪ್ಪ ಮರ ಸೀಳಿದರೆ ಹುಡಿ ಹೊರಬರಲು ಜಾಗ ಸಾಲದೆ ಬ್ಲೇಡು ಬಿಸಿಯಾಗಿ ಮರ ಕರಕಲಾಗುತ್ತದೆ.

ಕೊಳ್ಳುವಾಗ ಮೂರು ಅಂಕಿ ನೋಡಿ. ವ್ಯಾಸ ಯಂತ್ರಕ್ಕೆ ಹೇಳಿದ್ದೇ ಇರಬೇಕು. ನಡುವಿನ ರಂಧ್ರ ಯಂತ್ರದ ಅಚ್ಚಿಗೆ ಹೊಂದಬೇಕು, 15.88, 20, 25.4, 30 ಮಿ.ಮೀ. ಹೀಗೆ ಹಲವಿವೆ. ಬ್ಲೇಡಿನ ಮೇಲೆ ಅಚ್ಚು ಹಾಕಿದ ಗರಿಷ್ಠ ಸುತ್ತಿನ ಸಂಖ್ಯೆ ಯಂತ್ರದ ಸುತ್ತಿಗಿಂತ ಹೆಚ್ಚಿರಬೇಕು.

ಹೆಜ್ಜೆ 7: ಕಣ್ಣು, ಕಿವಿ, ಉಸಿರು

ಯಂತ್ರದ ಜೊತೆಗೇ ಕನ್ನಡಕ, ಕಿವಿಮರೆ, ಮುಖಗವಸು ತನ್ನಿ. ಇವನ್ನು ಮುಂದಿನ ತಿಂಗಳಿಗೆ ತಳ್ಳುವವರು ಎಂದೂ ತರುವುದಿಲ್ಲ. ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ ನಿಯಾಶ್ ಪ್ರಕಾರ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಆ ಸಮಯ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ. ಸರ್ಕ್ಯುಲರ್ ಸಾ ಆ ಮಟ್ಟದ ಆಸುಪಾಸಿನಲ್ಲೇ ಕೂಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು 1995ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್95 ಅಥವಾ ಎಫ್‌ಎಫ್‌ಪಿ2 ದರ್ಜೆಯದೇ ಬೇಕು.

ಕೈಗವಸು ಬೇಡ. ತಿರುಗುವ ಹಲ್ಲಿಗೆ ಅದರ ನೂಲು ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಸಡಿಲ ತೋಳು, ಕುತ್ತಿಗೆಯ ಸರ, ಬಿಚ್ಚುಗೂದಲು ಎಲ್ಲಕ್ಕೂ ಇದೇ ಮಾತು. ಬ್ಲೇಡು ಬದಲಿಸುವ ಮುನ್ನ ಪ್ಲಗ್ ಕಿತ್ತು, ಅದರ ತುದಿ ನಿಮ್ಮ ಕಣ್ಣಿಗೆ ಕಾಣುವಲ್ಲಿ ಇಡಿ.

ಹೆಜ್ಜೆ 8: ಗೈಡ್ ಹಲಗೆ ಮತ್ತು ಮೊದಲ ಕೊಯ್ತ

ಮೊದಲು ಬ್ಲೇಡು ಲಂಬವಾಗಿದೆಯೇ ನೋಡಿಕೊಳ್ಳಿ. ಮೂಲೆಮಟ್ಟ ಇಟ್ಟು ಸರಿಪಡಿಸಿದ ಮೇಲೆ 50 ಮಿ.ಮೀ. ದಪ್ಪದ ಮರದ ತುಂಡೊಂದನ್ನು ಅಡ್ಡ ಕೊಯ್ಯಿರಿ. ಎರಡು ತುಂಡುಗಳಲ್ಲಿ ಒಂದನ್ನು ತಲೆಕೆಳಗು ಮಾಡಿ ಕೊಯ್ದ ಮುಖಗಳನ್ನು ಜೋಡಿಸಿ ಬೆಳಕಿಗೆ ಹಿಡಿಯಿರಿ. ಮೇಲೆ ಅಥವಾ ಕೆಳಗೆ ಬೆಳಕಿನ ಗೆರೆ ಕಂಡರೆ ಓರೆ ಇದೆ. ಹೀಗೆ ನೋಡಿದಾಗ ತಪ್ಪು ಎರಡು ಪಟ್ಟಾಗಿ ಕಾಣುವುದರಿಂದ ಮೂಲೆಮಟ್ಟಕ್ಕೆ ಸಿಗದ ಕೂದಲೆಳೆಯೂ ಸಿಗುತ್ತದೆ.

ಈಗ ಗೈಡ್. 6 ಮಿ.ಮೀ. ಪ್ಲೈವುಡ್‌ನ ಸುಮಾರು 300 ಮಿ.ಮೀ. ಅಗಲದ ಪಟ್ಟಿ ತಳಕ್ಕೆ. ಉದ್ದ ಮೊದಲಿಗೆ ನಾಲ್ಕೂವರೆ ಅಡಿ ಇದ್ದರೆ ಹಾಳೆಯ ಅಡ್ಡಕ್ಕೆ ಸಾಕಾಗುತ್ತದೆ. ಅದರ ಮೇಲೆ 12 ಮಿ.ಮೀ. ಪ್ಲೈವುಡ್‌ನ 75 ಮಿ.ಮೀ. ಅಗಲದ ಪಟ್ಟಿಯನ್ನು ಅಂಟು ಹಚ್ಚಿ ಸ್ಕ್ರೂ ಹಾಕಿ ಕೂರಿಸಿ. ಈ ಮೇಲ್ಪಟ್ಟಿಯ ಒಂದು ಅಂಚು ಕಾರ್ಖಾನೆಯಲ್ಲಿ ಕತ್ತರಿಸಿದ ಅಂಚೇ ಆಗಿರಲಿ. ನೇರವೆಲ್ಲ ಅಲ್ಲಿಂದಲೇ ಬರಬೇಕು. ಗರಗಸದ ತಳಹಲಗೆಯ ಮೋಟಾರಿನ ಕಡೆಯ ಅಂಚಿನಿಂದ ಬ್ಲೇಡಿಗೆ ಎಷ್ಟು ದೂರವಿದೆ ಅಳೆಯಿರಿ. ಮೇಲ್ಪಟ್ಟಿಯ ಆ ಕಾರ್ಖಾನೆ ಅಂಚಿನ ಮುಂದೆ ಅಷ್ಟು ಅಗಲಕ್ಕೆ ಇನ್ನೊಂದು 10 ಮಿ.ಮೀ. ಸೇರಿಸಿ ತಳದ ಪಟ್ಟಿಯನ್ನು ಬಿಡಿ. ಹಿಂದುಗಡೆ ಕ್ಲಾಂಪ್ ಹಿಡಿಯಲು ಜಾಗ ಇರಲಿ.

ಅಂಟು ಒಣಗಿದ ಮೇಲೆ ಗರಗಸವನ್ನು ಮೇಲ್ಪಟ್ಟಿಗೆ ಒತ್ತಿ ಹಿಡಿದು ಒಮ್ಮೆ ಉದ್ದಕ್ಕೂ ಓಡಿಸಿ. ಹೆಚ್ಚುವರಿ 10 ಮಿ.ಮೀ. ಉದುರಿ ಹೋಗುತ್ತದೆ. ಉಳಿದ ಅಂಚೇ ಇನ್ನು ಮುಂದೆ ನಿಮ್ಮ ಕೊಯ್ತದ ಗೆರೆ. ಪೆನ್ಸಿಲ್ ಗೀಟಿನ ಮೇಲೆ ಆ ಅಂಚನ್ನು ಕೂರಿಸಿದರೆ ಮುಗಿಯಿತು, ಪ್ರತಿ ಸಲ ಕಳೆದು ಕೂಡುವ ತಾಪತ್ರಯವಿಲ್ಲ. ಎರಡು ಎಚ್ಚರ: ದಪ್ಪ ಬೇರೆಯಿರುವ ಬ್ಲೇಡು ಹಾಕಿದರೆ ಈ ಅಂಚು ಸುಳ್ಳು ಹೇಳತೊಡಗುತ್ತದೆ. ಆಳ ಹೆಚ್ಚಿಸಿದಷ್ಟೂ ಮೋಟಾರು ಕೆಳಗಿಳಿಯುವುದರಿಂದ ಕ್ಲಾಂಪಿನ ತಲೆಗೆ ಬಡಿಯುವುದಿಲ್ಲವೇ ಎಂದು, ಪ್ಲಗ್ ಹಾಕದೆಯೇ ಒಮ್ಮೆ ತಳ್ಳಿ ನೋಡಿ.

ಹಾಳೆಯ ಕೆಳಗೆ ದಪ್ಪ ಥರ್ಮೊಕೋಲ್ ಹಾಳೆ ಪೂರ್ತಿ ಹಾಸಿ. ಎರಡು ತುದಿಗೆ ಎರಡು ಸ್ಟೂಲು ಕೊಟ್ಟು ನಡುವೆ ಕೊಯ್ಯುವುದು ಹೊಸಬರೆಲ್ಲ ಮಾಡುವ ತಪ್ಪು. ಕೊಯ್ಯುತ್ತಾ ಹೋದಂತೆ ಹಾಳೆ ನಡುವೆ ತಗ್ಗಿ ಸೀಳು ಮುಚ್ಚಿಕೊಂಡು ಬ್ಲೇಡನ್ನು ಅವುಚುತ್ತದೆ, ಗರಗಸ ಹಿಂದಕ್ಕೆ ಎಗರುತ್ತದೆ. ಥರ್ಮೊಕೋಲ್ ಮೇಲಾದರೆ ಎರಡೂ ಭಾಗ ಇದ್ದಲ್ಲೇ ಇರುತ್ತವೆ.

ಬ್ಲೇಡಿನ ಆಳ: ಹಾಳೆ 18, ಗೈಡಿನ ತಳ 6, ಹಾಳೆಯ ಕೆಳಗೆ ಹೊರಬರಲು ಇನ್ನೊಂದು ನಾಲ್ಕು, ಒಟ್ಟು 28 ಮಿ.ಮೀ. ಹಾಳೆಯ ಬೇಕಾದ ಭಾಗ ಗೈಡಿನ ಕೆಳಗಿರಲಿ. ಸರ್ಕ್ಯುಲರ್ ಸಾದ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಚಕ್ಕೆ ಏಳುವುದು ಮೇಲ್ಮುಖದಲ್ಲಿ. ಗೈಡಿನ ಅಂಚು ಅಲ್ಲಿಯ ಎಳೆಗಳನ್ನು ಅದುಮಿ ಹಿಡಿಯುತ್ತದೆ. ಗೈಡ್ ಇಲ್ಲದೆ ಕೊಯ್ಯುವಾಗ ಚೆಂದದ ಮುಖ ಕೆಳಗೆ ಮಾಡಿ. ಟೇಬಲ್ ಸಾದಲ್ಲಿ ಇದು ತದ್ವಿರುದ್ಧ.

ತಂತಿಯನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಡಿ. ಬ್ಲೇಡಿನ ನೇರಕ್ಕೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ತಳಹಲಗೆಯ ಮುಂಭಾಗ ಗೈಡಿನ ಮೇಲೆ ಕೂರಲಿ, ಬ್ಲೇಡು ಮರಕ್ಕೆ ತಾಗದಿರಲಿ. ಗುಂಡಿ ಒತ್ತಿ, ಪೂರ್ತಿ ವೇಗ ಬರುವವರೆಗೆ ಕಾಯಿರಿ, ಆಮೇಲೆ ತಳ್ಳಿ. ಎಷ್ಟು ವೇಗವಾಗಿ ತಳ್ಳಬೇಕು ಎಂಬುದನ್ನು ಸದ್ದೇ ಹೇಳುತ್ತದೆ: ಮೋಟಾರಿನ ದನಿ ಕುಗ್ಗಿ ನರಳಿದರೆ ಅವಸರ ಮಾಡುತ್ತಿದ್ದೀರಿ, ಸುಟ್ಟ ವಾಸನೆ ಬಂದರೆ ತೀರಾ ನಿಧಾನ. ನಡುವೆ ಸಿಕ್ಕಿಕೊಂಡರೆ ಹಿಂದಕ್ಕೆ ಜಗ್ಗಬೇಡಿ; ಗುಂಡಿ ಬಿಟ್ಟು, ಬ್ಲೇಡು ನಿಂತ ಮೇಲೆ ಎತ್ತಿ.

ಕೊನೆಯ ಒಂದು ಗೇಣಿನಲ್ಲಿ ಕೈ ತಾನಾಗಿಯೇ ಅವಸರಿಸುತ್ತದೆ. ಅಲ್ಲಿ ನಿಧಾನಿಸಿ, ತಳಹಲಗೆಯ ಹಿಂಭಾಗವನ್ನು ಗೈಡಿಗೆ ಒತ್ತಿ ಹಿಡಿದೇ ಆಚೆ ದಾಟಿಸಿ. ಬ್ಲೇಡು ನಿಂತು, ಮರೆ ಮುಚ್ಚಿದ್ದನ್ನು ಕಣ್ಣಾರೆ ನೋಡಿದ ಮೇಲೆ ಯಂತ್ರವನ್ನು ಕೆಳಗಿಡಿ. ಕೊಯ್ದ ಅಂಚಿನ ಮೇಲೆ ಉಗುರು ಎಳೆದು ನೋಡಿ. ಅಲ್ಲಲ್ಲಿ ಸಿಬಿರು ಸಿಕ್ಕರೆ ಮುಂದಿನ ಸಲ ಗೀಟಿನ ಮೇಲೆ ಮೊದಲು ಚೂಪು ಚಾಕುವಿನಿಂದ ಒಂದು ಗೆರೆ ಕೊಯ್ದುಕೊಳ್ಳಿ, ಆಮೇಲೆ ಗೈಡ್ ಕೂರಿಸಿ.